ಮೊದಲನೆಯದು ನಮ್ಮದಲ್ಲ

ಫೆಬ್ರವರಿ 9

ಜಾಡಿ ಸಾಹೇಬರಿಗೆ,

ಈ ಸಾಲಿನ ಹದಿನಾಲ್ಕನೆಯ ಪೆಟ್ಟಿಗೆ ಕಳಿಸುತ್ತಿದ್ದೇನೆ. ಒಂಬತ್ತು ಮೀನಿನ ಜಾಡಿಗಳಿವೆ, ಹತ್ತನೆಯದು ಈ ಪತ್ರ. ಒಣಹುಲ್ಲಿನ ನಡುವೆ ಸಿಕ್ಕಿಸಿದ್ದೇನೆ. ಸ್ಪಿರಿಟ್ ಸೋರಿದರೆ ಮೊದಲು ನೆನೆಯುವುದು ನನ್ನ ಅಕ್ಷರವೇ, ಅದಕ್ಕೇ ಪೆನ್ಸಿಲ್ ಹಿಡಿದಿದ್ದೇನೆ. ಜಾಡಿಯೊಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಶಾಯಿಯಾದರೆ ಕರಗಿಹೋಗುತ್ತದೆ ಎಂದು ಮದುವೆಯಾದ ಮೊದಲ ವಾರವೇ ನೀವು ಪಾಠ ಮಾಡಿದ್ದು ನೆನಪಿದೆಯೇ? ಹೊಸ ಹೆಂಡತಿಗೆ ಗಂಡಂದಿರು ಏನೇನೋ ಹೇಳುತ್ತಾರೆ ಎಂದು ಗೆಳತಿಯರು ಹೇಳಿದ್ದರು. ನೀವು ಚೀಟಿಯ ವಿಷಯ ಹೇಳಿದಿರಿ.

ಪತ್ರ ಯಾಕೆ, ಫೋನ್ ಇಲ್ಲವೇ ಎಂದು ಕೇಳಬೇಡಿ. ಫೋನ್‌ನಲ್ಲಿ ನೀವು "ಹೂಂ" ಎನ್ನುವುದು ಬಿಟ್ಟರೆ ಬೇರೇನೂ ಹೇಳುವುದಿಲ್ಲ. ಕಳೆದ ಭಾನುವಾರ ಎಣಿಸಿದೆ, ಹದಿನೇಳು ಹೂಂ. ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ಒಯ್ಯಲು ಇಲಾಖೆಯ ವ್ಯಾನು ಹೇಗೂ ಬರುತ್ತದೆ. ಅದರಲ್ಲೇ ನಾವೂ ಹೋಗಿಬರೋಣ.

ಇಲ್ಲಿ ಎಲ್ಲ ಹಾಗೇ ಇದೆ. ತೂಕದ ಶೆಡ್ಡಿನ ತಗಡು ಒಂದು ಕಡೆ ಎದ್ದಿದೆ. ಹತ್ತು ಕಿಲೋ ಮೀನು ಬಂದರೆ ಏಳು ಕಿಲೋ ಹೊರಗಿನಿಂದ ತಂದು ಬಿಟ್ಟವೇ. ಅಣೆಕಟ್ಟು ಕಟ್ಟುವ ಮುಂಚಿನ ಪಟ್ಟಿಯಲ್ಲಿ ಹೊಳೆಯದ್ದೇ ಆದ ನಲವತ್ತೊಂದು ಬಗೆ ಇದ್ದವು ಎನ್ನುತ್ತಿದ್ದಿರಲ್ಲ, ಈ ತಿಂಗಳು ನನ್ನ ಹಲಗೆಯ ಮೇಲೆ ಅಳತೆಗೆ ಬಂದವು ಇಪ್ಪತ್ತೆರಡು. ಕಳೆದ ವರ್ಷಕ್ಕಿಂತ ಒಂದು ಕಡಿಮೆ. ಯಾವುದು ಬರಲಿಲ್ಲ ಎಂದು ಬರೆಯುವುದಿಲ್ಲ, ನೀವೇ ಹುಡುಕಿ. ಅಷ್ಟು ಹೊತ್ತಾದರೂ ನನ್ನ ಅಕ್ಷರ ನೋಡುತ್ತೀರಿ.

ಅಪ್ಪ ಚೆನ್ನಾಗಿದ್ದಾನೆ. ಆರು ತಿಂಗಳು ಎಂದು ಹೋದವರು ನೀವು. ಮೊನ್ನೆಗೆ ಎರಡು ವರ್ಷ ತುಂಬಿತು.

ನಿಮ್ಮ ತಕ್ಕಡಿಯಮ್ಮ


ಫೆಬ್ರವರಿ 24

ತಕ್ಕಡಿಯಮ್ಮನಿಗೆ,

ಒಂಬತ್ತೂ ಜಾಡಿ ಒಡೆಯದೆ ಬಂದವು. ಹತ್ತನೆಯದು ಸ್ವಲ್ಪ ಸ್ಪಿರಿಟ್ ವಾಸನೆ ಹೊಡೆಯುತ್ತಿತ್ತು, ಓದಲು ತೊಂದರೆಯಾಗಲಿಲ್ಲ. ಎರಡು ಸಲ ಓದಿದೆ. ಸರಿ, ನಾಲ್ಕು ಸಲ.

ನನ್ನ ಕೋಣೆ ಸಂಗ್ರಹಾಲಯದ ನೆಲಮಾಳಿಗೆಯಲ್ಲಿದೆ ಎಂದು ಹೇಳಿದ್ದೆನಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಕಪಾಟಿನ ತುಂಬ ಜಾಡಿ, ಜಾಡಿಯಲ್ಲಿ ನೂರು ವರ್ಷದ ಹಿಂದೆ ಕಣ್ಣು ಬಿಟ್ಟುಕೊಂಡೇ ಸತ್ತ ಮೀನುಗಳು. ಮೂಲೆಯ ನಲ್ಲಿ ತೊಟ್ಟಿಕ್ಕುತ್ತದೆ. ಮೇಲಿನ ಅಂತಸ್ತಿಗೆ ಶಾಲೆಯ ಮಕ್ಕಳು ಬಂದಾಗ ನನ್ನ ತಲೆಯ ಮೇಲೆ ನೂರು ಜೊತೆ ಬೂಟು ಓಡುತ್ತವೆ. ಸಂಜೆ ಬಾಡಿಗೆ ಕೋಣೆಗೆ ಹೋದರೆ ಕಿಟಕಿಯ ಎದುರಿಗೇ ಇನ್ನೊಂದು ಮನೆಯ ಗೋಡೆ. ಆ ಗೋಡೆಯ ಪ್ರತಿ ಇಟ್ಟಿಗೆಯೂ ನನಗೆ ಪರಿಚಯ.

ಒಂದು ವಿಷಯ ಕೇಳಬೇಕು. ಚೀಟಿಯ ಕೆಳಗಿನ ಸಾಲು, "ಬಲೆ ಎತ್ತಿದ ಹೊತ್ತು", ಯಾವಾಗಲೂ ಮಾವನ ಅಕ್ಷರದಲ್ಲಿರುತ್ತಿತ್ತು. ಅವರ ನಾಲ್ಕು ಎಂಬ ಅಂಕೆ ಗಾಳದ ಹಾಗೆ ಬಾಗಿರುತ್ತಿತ್ತು. ಹನ್ನೆರಡನೆಯ ಪೆಟ್ಟಿಗೆಯಿಂದ ಆ ಸಾಲೂ ನಿನ್ನ ಅಕ್ಷರದಲ್ಲೇ ಇದೆ. ಮಾವ ನನ್ನ ಮೇಲಿನ ಸಿಟ್ಟಿಗೆ ಚೀಟಿ ಬರೆಯುವುದನ್ನೂ ಬಿಟ್ಟರೇ? ಕೆಂಬಾಲ ಮೀನಿನ ಬಗ್ಗೆ ನಾನು ವರದಿಯಲ್ಲಿ ಬರೆದದ್ದು ಒಂದೇ ಸಾಲು: "ಐದು ವರ್ಷದ ಎಣಿಕೆಯಲ್ಲಿ ಒಂದೂ ಸಿಕ್ಕಿಲ್ಲ, ಈ ಜಲಾಶಯದಲ್ಲಿ ಇನ್ನಿಲ್ಲ." ಸಿಕ್ಕಿದ್ದರೆ ಸಿಕ್ಕಿದೆ ಎಂದೇ ಬರೆಯುತ್ತಿದ್ದೆ. ಅವರು ಊಟದ ತಟ್ಟೆ ಬಿಟ್ಟು ಎದ್ದುಹೋಗುವಂಥದ್ದು ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಬರದೆ ಹೋದದ್ದು ಚಿಕ್ಕ ಹಾವುಮೀನು. ಹುಡುಕಿದೆ.

ನಿನ್ನವನು


ಮಾರ್ಚ್ 11

ಜಾಡಿ ಸಾಹೇಬರಿಗೆ,

ಸತ್ತ ಮೀನಿನ ಮೀಸೆ ಎಣಿಸುವ ಕಣ್ಣಿನಿಂದ ಏನನ್ನೂ ಮುಚ್ಚಿಡಲಾಗುವುದಿಲ್ಲ ಎಂದು ನಾನು ಮೊದಲೇ ತಿಳಿಯಬೇಕಿತ್ತು.

ಅಪ್ಪನ ಬಲಗೈ ಬಿದ್ದುಹೋಗಿದೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಲೋಟ ಹಿಡಿಯಲು ಹೋದ, ಲೋಟ ನೆಲಕ್ಕೆ ಬಿತ್ತು. "ಏನೇ ಇದು, ಕೈ ನಂದಲ್ಲ ಅನ್ನೋ ಹಾಗಿದೆ," ಎಂದು ನಕ್ಕ. ನಾನು ನಗಲಿಲ್ಲ. ಡಾಕ್ಟರು ದಿನಾ ಎಣ್ಣೆ ಹಚ್ಚಿ ತೀಡಿ, ಸ್ವಲ್ಪ ಸ್ವಲ್ಪವಾಗಿ ಬರಬಹುದು ಎಂದಿದ್ದಾರೆ. ಮಾತು, ನಡಿಗೆ, ಹಟ, ಎಲ್ಲ ಮೊದಲಿನಂತೆಯೇ ಇದೆ. ನಿಮಗೆ ಹೇಳಬೇಡ ಎಂದಿದ್ದ. "ಅವನು ಅಯ್ಯೋ ಪಾಪ ಅಂತ ಬಂದು ನಿಲ್ಲೋದು ನಂಗೆ ಬೇಡ," ಎಂದ. ನೀವು ಅಯ್ಯೋ ಪಾಪ ಎಂದಾದರೂ ಬಂದರೆ ಸಾಕಿತ್ತು ಎಂದು ನನಗೆ ಅನ್ನಿಸಿದ್ದನ್ನು ಅವನಿಗೆ ಹೇಳಲಿಲ್ಲ.

ಈಗ ಬಲೆ ಎತ್ತುವವಳು ನಾನೇ. ಅಪ್ಪ ದಡದಲ್ಲಿ ಮಗುಚಿದ ಪೆಟ್ಟಿಗೆಯ ಮೇಲೆ ಕೂತು ಅಲ್ಲಿಂದಲೇ ಬೈಯುತ್ತಾನೆ. ಹಿಂದಿನ ಹಲಗೆಯಲ್ಲಿ ಕೂತು ಬಲೆ ಎಳೆಯುವುದು ಅವನಿಗೆ ಒಗ್ಗಿದ ವಿದ್ಯೆ. ನಾನು ಎಳೆದರೆ ದೋಣಿಯ ಮೂತಿ ಮೇಲೇಳುತ್ತದೆ. ಅದಕ್ಕೆ ಮುಂದಿನ ಹಲಗೆಯ ಮೇಲೆ ಒಂದು ಕಲ್ಲು ಇಟ್ಟುಕೊಂಡಿದ್ದೇನೆ. ತೂಗಿ ನೋಡಿದೆ, ಮೂವತ್ತೆರಡು ಕಿಲೋ. ನಿಮ್ಮ ಅರ್ಧ. ಮಾತು ಮಾತ್ರ ನಿಮ್ಮಷ್ಟೇ ಆಡುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಹೊಳೆ ಬಂದು ಜಲಾಶಯ ಸೇರುವ ಬಾಯಿಗೆ ಹೋಗುತ್ತೇನೆ. ಅಪ್ಪ ಯಾವಾಗಲೂ ಅಲ್ಲಿಯ ಒಣಮರಕ್ಕೆ ಕಟ್ಟಿದ ತುದಿಯಿಂದಲೇ ಬಲೆ ಎತ್ತುತ್ತಿದ್ದ, ನಾನೂ ಹಾಗೇ. ಮೊದಲು ಕೈಗೆ ಬಂದ ಮೀನನ್ನು ನೋಡದೆ ನೀರಿಗೆ ಬಿಡುತ್ತೇನೆ, ಅವನು ಬಿಡುತ್ತಿದ್ದನಲ್ಲ ಹಾಗೆ. ಆಮೇಲೆ ಮಿಕ್ಕದ್ದೆಲ್ಲ ಬುಟ್ಟಿಗೆ. ಅಲ್ಲಿ ಆ ಹೊತ್ತಿನಲ್ಲಿ ಎಷ್ಟು ಮೌನ ಇರುತ್ತದೆ ಎಂದರೆ, ನಿಮ್ಮ ಜೊತೆ ಮಾತಾಡುತ್ತಿರುತ್ತೇನೆ. ಗಟ್ಟಿಯಾಗಿಯೇ. ಕಲ್ಲು ಕೇಳಿಸಿಕೊಳ್ಳುತ್ತದೆ.

ತಕ್ಕಡಿಯಮ್ಮ


ಮಾರ್ಚ್ 26

ತಕ್ಕಡಿಯಮ್ಮನಿಗೆ,

ಮಾವನ ಕೈ ವಿಷಯ ಓದಿ ಬಹಳ ಬೇಸರವಾಯಿತು. ಡಾಕ್ಟರು ಹೇಳಿದ್ದನ್ನು ತಪ್ಪದೆ ಮಾಡಿಸು.

ಮೊದಲ ಮೀನನ್ನು ಬಿಡುವುದು ಎಂದರೇನು? ದಿನಾ ಬಿಡುತ್ತಿದ್ದರೇ? ನಾನು ದಡದಲ್ಲಿ ತಕ್ಕಡಿ ಇಟ್ಟುಕೊಂಡು ಕೂತಿದ್ದ ಆ ಐದು ವರ್ಷವೂ? ಹಾಗಾದರೆ ನನ್ನ ಎಣಿಕೆಗೆ ಬಂದದ್ದೆಲ್ಲ ಎರಡನೆಯ ಮೀನಿನಿಂದ ಮುಂದಿನದ್ದೇ? ಒಣಮರದ ತುದಿ ಇರುವುದು ಹರಿಯುವ ನೀರಿನಲ್ಲಿ, ಬಲೆಯ ಮಿಕ್ಕ ಭಾಗವೆಲ್ಲ ನಿಂತ ನೀರಿನಲ್ಲಿ. ಹರಿವನ್ನು ಬಿಟ್ಟು ಬರದ ಮೀನು ಸಿಕ್ಕಿದರೆ ಆ ತುದಿಯಲ್ಲೇ ಸಿಕ್ಕಬೇಕು, ಮೊದಲನೆಯದಾಗಿಯೇ ಸಿಕ್ಕಬೇಕು. ನೀನು ಬಿಟ್ಟವು ಯಾವ ಬಗೆಯವು? ಮೀಸೆ ಎಷ್ಟು ಜೊತೆ? ಬಾಲದ ರೆಕ್ಕೆಯ ಬಣ್ಣ? ಉದ್ದ ಗೇಣಿಗಿಂತ ಹೆಚ್ಚೋ ಕಡಿಮೆಯೋ? ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇ ನೀನು? ಇನ್ನು ಮುಂದೆ ದಯವಿಟ್ಟು ನೋಡಿ ಬಿಡು. ನೋಡಿದ್ದನ್ನು ಆಗಲೇ ಬರೆದುಕೋ, ನೆನಪಿನ ಮೇಲೆ ಬಿಡಬೇಡ.

ಅವಸರದಲ್ಲಿ ಬರೆಯುತ್ತಿದ್ದೇನೆ, ವ್ಯಾನು ನಿಂತಿದೆ.


ಏಪ್ರಿಲ್ 10

ಸಂಗ್ರಹಾಲಯದ ಸಹಾಯಕರಿಗೆ,

ಪೆಟ್ಟಿಗೆ ಹದಿನೆಂಟು. ಜಾಡಿಗಳು ಹನ್ನೊಂದು. ಚೀಟಿಗಳು ಹನ್ನೊಂದು.

ಅಪ್ಪನ ಕೈಗೆ ಒಂದೂವರೆ ಸಾಲು, ಮೀನಿನ ಮೀಸೆಗೆ ಒಂದು ಪುಟ. ತೂಗುವುದು ನನ್ನ ಕೆಲಸ, ಅದಕ್ಕೆ ತೂಗಿ ನೋಡಿದೆ. ಕಲ್ಲಿನ ಜೊತೆ ಮಾತಾಡುತ್ತೇನೆ ಎಂದು ಬರೆದಿದ್ದೆ, ಆ ಸಾಲು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ ಎಂದು ಕಾಣುತ್ತದೆ. ಅದಕ್ಕೆ ಮೀಸೆ ಇರಲಿಲ್ಲವಲ್ಲ.


ಏಪ್ರಿಲ್ 25

ಹೇಗೆ ಶುರು ಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದೆ.

ಆ ಸಾಲು ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಮೀನಿನ ಬಗ್ಗೆ ಏನು ಬರೆಯಬೇಕೋ ಗೊತ್ತಿತ್ತು. ಅದನ್ನು ಬರೆದೆ. ನನ್ನ ಬುದ್ಧಿಯೇ ಇಷ್ಟು.

ಅವಸರ ಯಾಕಿತ್ತು ಎಂದಾದರೂ ಹೇಳುತ್ತೇನೆ. ಹೊಳೆಬಾಯಿಯ ಉದ್ದಕ್ಕೂ ಪಂಜರಗಳನ್ನು ತೇಲಿಬಿಟ್ಟು ಹೊರಗಿನ ಮೀನು ಸಾಕುವ ಯೋಜನೆಯೊಂದು ಸಿದ್ಧವಾಗಿದೆ. ಕಡತ ನಮ್ಮ ಮೇಲಿನವರ ಮೇಜಿಗೆ ಅಭಿಪ್ರಾಯಕ್ಕೆ ಬಂದಿತ್ತು, ನಾನೂ ಓದಿದೆ. ಮೊದಲ ಪುಟದಲ್ಲೇ, "ಈ ಭಾಗದಲ್ಲಿ ಉಳಿಸಿಕೊಳ್ಳಬೇಕಾದ ಹೊಳೆಮೀನು ಯಾವುದೂ ಇಲ್ಲ" ಎಂದಿದೆ. ಅದಕ್ಕೆ ಆಧಾರವಾಗಿ ಕೆಳಗೆ ಕೊಟ್ಟಿರುವುದು ನನ್ನ ಸಾಲು. ಕೆಂಬಾಲ ಇನ್ನಿಲ್ಲ ಎಂಬ ಅದೇ ಸಾಲು. ಹೊಸ ನೀರು ಬಂದಾಗ ಮೀನುಗಳು ಮೊಟ್ಟೆಯಿಡಲು ಹೊಳೆ ಹತ್ತುವುದು ಆ ಬಾಯಿಂದಲೇ. ಅಲ್ಲಿ ಪಂಜರ ಸಾಲುಗಟ್ಟಿ ನಿಂತರೆ ಬಾಗಿಲಿಗೆ ಬೀಗ ಹಾಕಿದಂತೆ. ಜುಲೈ ಇಪ್ಪತ್ತಕ್ಕೆ ಸಭೆ.

ಇನ್ನೊಂದು ಸುದ್ದಿ. ಇಲ್ಲಿ ನನ್ನನ್ನು ಕಾಯಂ ಮಾಡಿಕೊಳ್ಳುತ್ತೇವೆ ಎಂದಿದ್ದಾರೆ. ಉತ್ತರ ಕೊಡಲು ಸಮಯ ಕೇಳಿದ್ದೇನೆ. ನೀನು ಏನು ಹೇಳುತ್ತೀ?

ಮಾವನ ಬೆರಳುಗಳು ಮಡಚುತ್ತಿವೆಯೇ? ಯಾವ ಬೆರಳು ಮೊದಲು ಮಡಚಿತು, ಬರೆ.


ಜೂನ್ 2

ಮೂರು ಪೆಟ್ಟಿಗೆಗಳಲ್ಲಿ ಬರೀ ಜಾಡಿ ಕಳಿಸಿದೆ. ಬರೆಯಲು ಕೂತರೆ ಜಗಳ ಬರುತ್ತಿತ್ತು, ಅದಕ್ಕೆ ಕೂರಲಿಲ್ಲ.

ಕಾಯಂ ಆಗುವುದಾದರೆ ಆಗಿ. ನನ್ನ ಅಭಿಪ್ರಾಯ ಕೇಳುವವರು ಮೊದಲೇ ಸಮಯ ಕೇಳಿಕೊಂಡು ಬಂದಿದ್ದೀರಿ ಎಂದ ಮೇಲೆ ಮನಸ್ಸು ಎತ್ತ ಇದೆ ಎಂದು ತಿಳಿಯಿತು. ಆ ಇಟ್ಟಿಗೆಗಳ ಪರಿಚಯವಾದರೂ ವ್ಯರ್ಥವಾಗದಿರಲಿ.

ಕಿರುಬೆರಳು ಮೊದಲು ಮಡಚಿತು. ಈಗ ಉಂಗುರದ ಬೆರಳೂ.

ನೋಡಿದೆ. ನೋಡಬಾರದು ಎಂದು ಹಟ ಹಿಡಿದು ಒಂದು ತಿಂಗಳು ಕಣ್ಣು ಮುಚ್ಚಿಕೊಂಡೇ ಬಿಟ್ಟೆ. ಆಮೇಲೆ ಆ ಪಂಜರಗಳ ಅಳತೆ ತೆಗೆಯುವವರು ಬಂದು ಒಣಮರಕ್ಕೆ ಕೆಂಪು ಬಣ್ಣ ಬಳಿದು ಹೋದರು. ಅಪ್ಪ ದಡದಿಂದ ಆ ಬಣ್ಣವನ್ನೇ ನೋಡುತ್ತ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಮಾರನೆಯ ದಿನದಿಂದ ನೋಡಿ ಬಿಡಲು ಶುರು ಮಾಡಿದೆ.

ಒಂಬತ್ತು ಬೆಳಿಗ್ಗೆ ನೋಡಿದೆ. ಐದು ಸಲ ಬೇರೆ ಏನೇನೋ. ನಾಲ್ಕು ಸಲ ಒಂದೇ ಬಗೆಯದು. ಮೀಸೆ ಎರಡು ಜೊತೆ. ಬೆನ್ನು ಹಸಿರು ಕಲಸಿದ ಕಂದು. ಒಂದು ಗೇಣು, ಮೇಲೆ ಎರಡು ಬೆರಳು. ಬಾಲದ ರೆಕ್ಕೆ ನೀರಿನಲ್ಲಿ ಕಂದಾಗಿ ಕಾಣುತ್ತದೆ, ಎತ್ತಿ ಬೆಳಕಿಗೆ ಹಿಡಿದರೆ ಕೆಂಡ. ನೀವು ಗೋಡೆಗೆ ಅಂಟಿಸಿದ್ದ ಚಿತ್ರ ಇನ್ನೂ ಇಲ್ಲೇ ಇದೆ, ಹೋಲಿಸಿ ನೋಡಿದೆ. ಅದೇ.

ಅಪ್ಪನ ಮುಂದೆ ಹೋಗಿ ನಿಂತೆ. "ಗೊತ್ತಿದ್ದೂ ಯಾಕಪ್ಪ ಹೇಳ್ಲಿಲ್ಲ?" ಎಂದೆ.

"ಹೇಳಿದ್ನಲ್ಲ, ಇದೆ ಅಂತ."

"ಎಲ್ಲಿದೆ ಅಂತ ಹೇಳ್ಬೇಕಿತ್ತು."

"ಎಲ್ಲಿ ಅಂತ ಅವನು ಕೇಳಿದ್ನಾ? ಇದೆ ಅಂದೆ, ತೋರಿಸಿ ಅಂದ. ನಾನೇನು ಕಳ್ಳನಾ, ಜೇಬು ತೋರಿಸೋಕೆ? ಎಲ್ಲಿ ಮಾವ ಅಂತ ಒಂದು ಮಾತು ಕೇಳಿದ್ರೆ ಕರ್ಕೊಂಡು ಹೋಗ್ತಿದ್ದೆ."

ನನಗೂ ಈ ವಿಷಯದಲ್ಲಿ ತಪ್ಪಿದೆ. ನಡೆಯಲು ಕಲಿತಾಗಿನಿಂದ ಅವನು ಮೊದಲನೆಯದನ್ನು ಬಿಡುವುದನ್ನು ನೋಡಿದ್ದೇನೆ. ಮನೆಯೊಳಗೆ ಬರುವಾಗ ಚಪ್ಪಲಿ ಬಿಡುವುದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಅದು ಎಣಿಕೆಯ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ. ನಿಮ್ಮ ಪಕ್ಕದಲ್ಲಿ ಕೂತು ಐದು ವರ್ಷ "ಕೆಂಬಾಲ, ಸೊನ್ನೆ" ಎಂದು ಬರೆದದ್ದು ನಾನೇ.


ಜೂನ್ 12

ನನ್ನ ತಕ್ಕಡಿಯಮ್ಮನಿಗೆ,

ಓದಿ ನೆಲಮಾಳಿಗೆಯಲ್ಲಿ ಕೂಗಿದೆ. ನಮ್ಮ ಮೇಲಧಿಕಾರಿ ಜಾಡಿ ಒಡೆಯಿತೆಂದು ಓಡಿ ಬಂದರು. ವಿಷಯ ಹೇಳಿದೆ. ಅವರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಜಾಡಿ ಎಲ್ಲಿ?" ಎಂದರು.

ಅದೇ ಈಗ ಬೇಕಿರುವುದು. ಒಂದು, ಒಂದೇ ಒಂದು. ಕಣ್ಣಾರೆ ಕಂಡೆ ಎಂದರೆ ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಣಿಕೆಯ ಹೆಂಗಸು ಹೇಳಿದಳು ಎಂದು ನಕ್ಕು ಬಿಡುತ್ತಾರೆ. ಜಾಡಿಯನ್ನು ಮೇಜಿನ ಮೇಲಿಟ್ಟರೆ ಬಾಯಿ ಮುಚ್ಚುತ್ತದೆ. ಒಂದನ್ನು ಕೊಂದು ಮಿಕ್ಕದ್ದನ್ನೆಲ್ಲ ಉಳಿಸಬಹುದು. ಮಾವನಿಗೆ ಹೇಗಾದರೂ ಒಪ್ಪಿಸು. ಜೂನ್ ಕೊನೆಯ ಪೆಟ್ಟಿಗೆಯಲ್ಲಿ ಬಂದರೂ ಸಾಕು.

ಕಾಯಂ ವಿಷಯ ಮುಖಾಮುಖಿ ಮಾತಾಡಬೇಕು, ಬರೆದರೆ ಕೆಡುತ್ತದೆ.


ಜೂನ್ 27

ಜಾಡಿ ಸಾಹೇಬರಿಗೆ,

ಈ ಪೆಟ್ಟಿಗೆಯಲ್ಲಿ ನೀವು ಕೇಳಿದ ಜಾಡಿ ಇದೆ. ತೆರೆದು ನೋಡಿ. ಖಾಲಿ.

ಅಪ್ಪನಿಗೆ ಒಪ್ಪಿಸಲಿಲ್ಲ. ಹೇಳದೆ ಕದ್ದು ಮಾಡೋಣ ಎಂದುಕೊಂಡೆ. ಸೆರಗಿನಲ್ಲಿ ಜಾಡಿ ಮುಚ್ಚಿಕೊಂಡು ದೋಣಿ ಹತ್ತಿದೆ, ದಡದಲ್ಲಿದ್ದವನು ಕಂಡರೂ ಕಾಣದವನ ಹಾಗೆ ಬೇರೆ ಕಡೆ ನೋಡಿದ. ರಾತ್ರಿ ಮಳೆಯಾಗಿತ್ತು, ಹೊಳೆ ಕೆಂಪಾಗಿತ್ತು. ಮೊದಲನೆಯದೇ ಕೆಂಬಾಲ. ಜಾಡಿಯ ಮುಚ್ಚಳ ತೆರೆದಿತ್ತು, ಚೀಟಿ ಬರೆದಾಗಿತ್ತು. ಹಿಡಿದಾಗ ಅದರ ಹೊಟ್ಟೆ ಬಿಗಿಯಾಗಿತ್ತು. ಬೆರಳಿಗೆ ಎರಡು ಮೊಟ್ಟೆ ಅಂಟಿತು, ರಾಗಿ ಕಾಳಿನಷ್ಟು. ಅದು ಒಂದಲ್ಲ, ಒಂದೇ ಒಂದಂತೂ ಅಲ್ಲವೇ ಅಲ್ಲ. ನನ್ನಿಂದ ಆಗಲಿಲ್ಲ. ಬಿಟ್ಟೆ. ಬಾಲ ನನ್ನ ಮುಖಕ್ಕೆ ನೀರು ಹೊಡೆದು ಹೋಯಿತು.

ದಡಕ್ಕೆ ಬಂದಾಗ ಅಪ್ಪ ಎಡಗೈ ಚಾಚಿ ಖಾಲಿ ಜಾಡಿ ತೆಗೆದುಕೊಂಡ. "ಮೊದಲ್ನೇದು ನಮ್ದಲ್ಲ ಕಣೇ. ಹೊಳೇದು. ನನ್ನ ಅಜ್ಜ ಹೇಳಿದ್ದು, ನಾನೂ ಯಾಕೆ ಅಂತ ಕೇಳಿಲ್ಲ," ಎಂದ. ಜಾಡಿಯನ್ನು ಪಕ್ಕಕ್ಕೆ ಇಟ್ಟು, "ನೋಡೋಕೇನು, ಧಾರಾಳವಾಗಿ ನೋಡ್ಲಿ. ಅಳೀಲಿ. ಅವನೇ ಬಂದು ನೋಡ್ಲಿ," ಎಂದ.

"ಅವರಿಗೆ ದೋಣಿ ಹತ್ತಿದ್ರೆ ತಲೆ ಸುತ್ತುತ್ತೆ ಅಪ್ಪ," ಎಂದೆ, ಎಂದಿನ ಹಾಗೆ.

"ತಲೆ ಸುತ್ತೋದಲ್ಲ, ಹೆದರಿಕೆ. ಮದುವೆ ವರ್ಷವೇ ಗೊತ್ತಾಯ್ತು ನಂಗೆ. ಹಲಗೆ ಮೇಲೆ ಕಾಲಿಟ್ಟಾಗ ಮುಖ ಸುಣ್ಣ ಬಳಿದ ಹಾಗಾಗಿತ್ತು. ನಾನೇನು ಆಡಿಕೊಂಡ್ನಾ?"

ಈಗ ನನ್ನ ಮಾತು. ಇದನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ನೀವು ನನಗೆ ಬೇಕು. ಬೆಳಿಗ್ಗೆ ಎದ್ದಾಗ, ಅಪ್ಪನ ಕೈ ತೀಡುವಾಗ, ತಗಡು ಗಾಳಿಗೆ ಬಡಿದುಕೊಳ್ಳುವಾಗ. ಎರಡು ಲೋಟ ಇಟ್ಟು ಮೂರನೆಯದಕ್ಕೆ ಕೈ ಚಾಚಿ ವಾಪಸು ತೆಗೆಯುವಾಗ. ಬರಲೇ ಎಂದು ನೀವು ಕೇಳಲಿಲ್ಲ, ಬನ್ನಿ ಎಂದು ನಾನು ಹೇಳಲಿಲ್ಲ. ಅಪ್ಪನೂ ನೀವೂ ಆ ಮೀನಿನ ವಿಷಯದಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ?

ಆದರೆ ಮೀನಿಗಾಗಿ ಬರಬೇಡಿ. ಮೀನಿಗಾಗಿ ಬಂದರೆ ಮೀನಿನ ಜೊತೆಯೇ ಇರಿ, ಜಲಾಶಯ ದೊಡ್ಡದಿದೆ.


ಜುಲೈ 1

ಇದನ್ನು ವ್ಯಾನಿಗೆ ಕಾಯದೆ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಮಾವ ಹೇಳಿದ್ದು ನಿಜ, ಹೆದರಿಕೆಯೇ. ಕಾರಣವಾದರೂ ಇದ್ದರೆ ಹೇಳಿಕೊಳ್ಳಬಹುದಿತ್ತು. ಮುಳುಗಿದ್ದಿಲ್ಲ, ಬಿದ್ದದ್ದಿಲ್ಲ. ಹಲಗೆಯ ಕೆಳಗೆ ನೀರು ತಟ್ಟುವ ಸದ್ದು ಕೇಳಿದರೆ ದಡಕ್ಕೆ ಹಿಂದೆ ಸರಿದುಬಿಡುತ್ತೇನೆ. ಜಲಾಶಯದ ಬಗ್ಗೆ ನೂರು ಪುಟ ಬರೆದವನು ಅದರೊಳಗೆ ಪಾದ ಅದ್ದಿಲ್ಲ. ಆವತ್ತು ಊಟಕ್ಕೆ ಕೂತಾಗ ಮಾವ, "ದೋಣಿ ಹತ್ತದವನಿಗೆ ಹೊಳೆ ಏನು ಗೊತ್ತು," ಎಂದರಲ್ಲ, ಅದು ಸಿಟ್ಟಿನ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅದು ನಿಜವಾಗಿತ್ತು. ನೀನು ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದೆ. ನಿನಗೂ ನನ್ನ ಬಗ್ಗೆ ನಾಚಿಕೆ ಎಂದುಕೊಂಡೆ. ಅದಾದ ಒಂದು ತಿಂಗಳಿಗೆ ಈ ಕೆಲಸ ಸಿಕ್ಕಿತು, ಇಲ್ಲಿ ಎಲ್ಲ ನೀರೂ ಜಾಡಿಯೊಳಗೆ ಇರುತ್ತದೆ.

ರಜೆಯ ಅರ್ಜಿಯನ್ನು ನಾಲ್ಕು ಸಲ ತುಂಬಿದ್ದೇನೆ. ಮೇಜಿನ ಖಾನೆಯಲ್ಲಿವೆ. ಪ್ರತಿ ಸಲವೂ, ಅವಳು ಬಾ ಎಂದಿಲ್ಲವಲ್ಲ ಎಂದು ಒಳಗಿಟ್ಟೆ. ಕಾಯಂ ಬೇಕೋ ಎಂದು ಕೇಳಿದ್ದೂ ನೀನು ಬೇಡ ಎನ್ನಲಿ ಎಂದೇ. ನೀನು ಆಗಿ ಎಂದೆ.

ನಿನ್ನೆ ಬೇಡ ಎಂದು ಬರೆದುಕೊಟ್ಟೆ. ನಿನ್ನ ಪತ್ರ ಬಂದದ್ದು ಮಧ್ಯಾಹ್ನ, ನಾನು ಬರೆದುಕೊಟ್ಟದ್ದು ಬೆಳಿಗ್ಗೆ. ಇದನ್ನು ನೀನು ನಂಬಬೇಕು.

ಮೀನಿಗಾಗಿ ಬರಬೇಡ ಎಂದೆ ನೀನು. ಒಂಬತ್ತನೆಯ ತಾರೀಕಿಗೆ ಹೊರಟು ಬರಬಹುದು. ಆದರೆ ಸಭೆಗೆ ಮುಂಚೆ ಬಂದರೆ ನಿನಗೆ ಅನುಮಾನ ಉಳಿಯುತ್ತದೆ. ಬೇಕಾದರೆ ಇಪ್ಪತ್ತೊಂದಕ್ಕೇ ಬರುತ್ತೇನೆ, ಎಲ್ಲ ಮುಗಿದ ಮೇಲೆ. ನೀನು ಹೇಳಿದ ಹಾಗೆ.

ಆ ಕಲ್ಲಿನ ವಿಷಯ. ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಮಾರ್ಚಿನಲ್ಲೇ ಬರೆಯಬೇಕಿತ್ತು.

ನಿನ್ನವನು


ಜುಲೈ 4

ನಿಮಗೆ ತಲೆ ಕೆಟ್ಟಿದೆಯೇ? ಒಂಬತ್ತಕ್ಕೇ ಬನ್ನಿ!

ತಟ್ಟೆ ನೋಡಿದ್ದು ಅಳು ಬಂದಿತ್ತು ಎಂದು. ನಾಚಿಕೆಯಂತೆ, ನಾಚಿಕೆ.


ಜುಲೈ 27

ನನ್ನ ಜಾಡಿ ಸಾಹೇಬರಿಗೆ,

ನೀವು ಬೀಗದ ಕೈ, ಪಟ್ಟಿ, ಕಪಾಟು ಎಲ್ಲ ಒಪ್ಪಿಸಿ ಬರಲು ಇನ್ನೂ ಎರಡು ವಾರ ಎಂದಿರಿ. ಎರಡು ವರ್ಷ ಹೇಗೋ ಕಳೆದವಳಿಗೆ ಈ ಎರಡು ವಾರ ಕಳೆಯುತ್ತಿಲ್ಲ. ನಗಬೇಡಿ.

ಸಭೆಯ ಸುದ್ದಿಯನ್ನು ಅಪ್ಪನಿಗೆ ಹೇಳಿದೆ. ಫೋನ್‌ನಲ್ಲಿ ನೀವು ಅಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು, ಒಂದೂ ಹೂಂ ಇರಲಿಲ್ಲ. "ಬರೆದವರೇ ಎದ್ದು ನಿಂತು ಆ ಸಾಲನ್ನ ಹೊಡೆದು ಹಾಕಿದ್ರಂತೆ ಅಪ್ಪ, ನಾನು ಎಣಿಸಿದ್ದೇ ತಪ್ಪು ಅಂದ್ರಂತೆ," ಎಂದೆ. ಅವನು ಬಹಳ ಹೊತ್ತು ಬೆರಳು ಮಡಚಿ ಬಿಡಿಸಿ ಮಾಡಿದ. ಆಮೇಲೆ, "ಗಂಡಸು," ಎಂದ. ಅಷ್ಟೇ. ಈ ವರ್ಷಕ್ಕೆ ಪಂಜರ ಇಲ್ಲ, ಹೊಸದಾಗಿ ಎಣಿಸಿದ ಮೇಲೆ ಮತ್ತೆ ನೋಡುತ್ತಾರೆ ಎಂದದ್ದನ್ನೂ ಹೇಳಿದೆ. ಮುಂದಿನ ವರ್ಷದ ಜಗಳ ಮುಂದಿನ ವರ್ಷಕ್ಕೆ. ಒಣಮರದ ಕೆಂಪು ಬಣ್ಣವನ್ನು ಮಳೆ ಅರ್ಧ ತೊಳೆದಿದೆ.

ನಿಮಗೆ ಒಂದು ವಿಷಯ ಗೊತ್ತಿಲ್ಲ. ಸಭೆಗೆ ಮುಂಚೆ ನೀವು ಇಲ್ಲಿಗೆ ಬಂದಾಗ, ಆ ಮೊದಲ ಬೆಳಿಗ್ಗೆ ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡು ಎರಡು ಕೈಯಲ್ಲೂ ಹಲಗೆ ಹಿಡಿದು ಕೂತಿದ್ದಿರಿ. ದಡದಲ್ಲಿ ಅಪ್ಪ ಎದ್ದು ನಿಂತಿದ್ದ. ಮೊಣಕಾಲುದ್ದ ನೀರಿಗೆ ಇಳಿದು ಬಂದು ದೋಣಿಯನ್ನು ತಳ್ಳಿದ. ಬಲಗೈಯಲ್ಲಿ. ಬಲವಿರಲಿಲ್ಲ, ದೋಣಿ ಅಲುಗಲಿಲ್ಲ, ಹುಟ್ಟು ಹಾಕಿದ್ದು ನಾನೇ. ಆದರೆ ಕೈ ಅಲ್ಲಿತ್ತು. ನೀವು ಕಣ್ಣು ಬಿಟ್ಟಿದ್ದರೆ ನೋಡಬಹುದಿತ್ತು. ನಾಲ್ಕು ಬೆಳಿಗ್ಗೆ ಏನೇನೋ ಬಂದು, ಐದನೆಯ ಬೆಳಿಗ್ಗೆ ಕೆಂಬಾಲ ಬಂದಾಗ ಕಣ್ಣು ಬಿಟ್ಟಿರಿ ನೋಡಿ, ಆಮೇಲೆ ಕಾಲ ಕೆಳಗೆ ನೀರಿದೆ ಎಂಬುದೇ ನಿಮಗೆ ಮರೆತುಹೋಗಿತ್ತು. ಅಳತೆಯ ತಟ್ಟೆಯಲ್ಲಿ ಅದು ಒದ್ದಾಡದ ಹಾಗೆ ಒದ್ದೆ ಬಟ್ಟೆ ಹೊದಿಸಿ, "ಆಯ್ತಮ್ಮ, ಆಯ್ತು, ಒಂದೇ ನಿಮಿಷ," ಎನ್ನುತ್ತಿದ್ದಿರಿ. ನನ್ನ ಜೊತೆ ನೀವು ಅಷ್ಟು ಮೆತ್ತಗೆ ಯಾವತ್ತೂ ಮಾತಾಡಿಲ್ಲ. ಬಂದ ಮೇಲೆ ಇದರ ಲೆಕ್ಕ ಕೇಳುತ್ತೇನೆ.

ನೀವು ಹೋದ ಮೇಲೆ ಶೆಡ್ಡಿನ ಕಪಾಟು ಒರೆಸುವಾಗ ಆ ಖಾಲಿ ಜಾಡಿ ಸಿಕ್ಕಿತು. ಒಳಗೆ ಚೀಟಿ. ನಾನು ಕಳಿಸಿದ್ದನ್ನು ವಾಪಸು ತಂದು, ಹೇಳದೆ ಇಟ್ಟು ಹೋಗಿದ್ದೀರಿ. ಮೇಲಿನ ಸಾಲುಗಳು ನಿಮ್ಮ ಅಕ್ಷರದಲ್ಲಿ:

"ಕೆಂಬಾಲ. ಒಂದು. ಹೊಳೆಬಾಯಿ, ಒಣಮರ. ಜುಲೈ 15. ಅಳೆದು, ಚಿತ್ರ ತೆಗೆದು, ಜೀವಂತ ಬಿಡಲಾಯಿತು. ಕಂಡವರು: ದೋಣಿಯಲ್ಲಿದ್ದ ಇಬ್ಬರು."

ಕೆಳಗೆ, ಬಲೆ ಎತ್ತಿದ ಹೊತ್ತು, ಐದು ನಲವತ್ನಾಲ್ಕು. ಅದು ನಿಮ್ಮ ಅಕ್ಷರವಲ್ಲ, ನನ್ನದೂ ಅಲ್ಲ. ಗೆರೆ ನಡುಗಿದೆ, ಕಾಗದ ಒಂದು ಕಡೆ ತೂತಾಗಿದೆ. ಎರಡು ನಾಲ್ಕೂ ಗಾಳದ ಹಾಗೆ ಬಾಗಿವೆ. ನನಗೆ ಗೊತ್ತಾಗದ ಹಾಗೆ ಮಾವ ಅಳಿಯ ಯಾವಾಗ ಕೂತು ಬರೆದಿರೋ! ಜಾಡಿ ಹಿಡಿದುಕೊಂಡು ಶೆಡ್ಡಿನಲ್ಲೇ ನೆಲಕ್ಕೆ ಕೂತು ಅತ್ತೆ.

ಹೊಸ ಪುಸ್ತಕದಲ್ಲಿ ಮೊದಲ ಕಾಲಮ್ಮಿಗೆ "ಮೊದಲನೆಯದು: ನೋಡಿ ಬಿಟ್ಟದ್ದು" ಎಂದು ಬರೆದಿದ್ದೇನೆ.

ಆ ಕಲ್ಲನ್ನು ನೀವು ಬಂದ ದಿನ ಎತ್ತಿ ದಡಕ್ಕೆ ಹಾಕಿದ್ದೆನಲ್ಲ, ಅಲ್ಲೇ ಬಿಟ್ಟಿದ್ದೇನೆ. ವಾಪಸು ಇಡಲು ಮನಸ್ಸು ಬರಲಿಲ್ಲ. ದೋಣಿಯ ಮೂತಿ ಮೇಲೆದ್ದುಕೊಂಡೇ ಹೋಗುತ್ತದೆ, ಗಾಳಿ ಬಂದರೆ ತಿರುಗುತ್ತದೆ, ತೋಳು ನೋಯುತ್ತದೆ. ಅಪ್ಪ ದಡದಿಂದ, "ನಿನ್ ದೋಣಿ ಕತ್ತು ಎತ್ಕೊಂಡು ಯಾರ್ನೋ ನೋಡ್ತಾ ಇದೆ ಕಣೇ," ಎಂದು ಕೂಗುತ್ತಾನೆ.

ಬೇಗ ಬನ್ನಿ.